ಕೂಟದಲ್ಲಿ ಕೂತಿರುವ ಜಾತಿಯನ್ನು ಹೆಸರು ಹಿಡಿದು ಕರೆಯಿರಿ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಪಿ.ಜಿ.ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇದ್ದು ಓದುತ್ತಿರುವ ಕ್ರೈಸ್ತ ತಮ್ಮಂದಿರೇ, ತಂಗಿಯರೇ, ನಿಮ್ಮ ಶನಿವಾರದ ಯುವಕೂಟದಲ್ಲಿ ಎಲ್ಲದಕ್ಕೂ ಪ್ರಾರ್ಥನೆ ಇದೆ. ಸೆಮಿಸ್ಟರ್ ಪರೀಕ್ಷೆಗೆ, ಕ್ಯಾಂಪಸ್ ಇಂಟರ್‌ವ್ಯೂಗೆ, ಊರಲ್ಲಿ ಹಾಸಿಗೆ ಹಿಡಿದ ಅಜ್ಜಿಗೆ, ಹೊತ್ತಿ ಉರಿದ ಮಣಿಪುರಕ್ಕೆ. ಜಾತಿಯ ಮಾತು ಮಾತ್ರ ಬರುವುದಿಲ್ಲ. ಕ್ರಿಸ್ತನಲ್ಲಿ ಜಾತಿ ಇಲ್ಲವಲ್ಲ, ಮತ್ತೇಕೆ ಅದರ ಮಾತು ಎನ್ನುತ್ತೀರಿ. ಕ್ರಿಸ್ತನಲ್ಲಿ ಇಲ್ಲ, ನಿಜ. ನಮ್ಮಲ್ಲಿ ಇದೆ.

ಕೂಟಕ್ಕೆ ಹೊಸದಾಗಿ ಬಂದ ಹುಡುಗಿಯನ್ನು ನೋಡಿ. ಹೆಸರು ಕೇಳುತ್ತೀರಿ, ಹೇಳುತ್ತಾಳೆ. ಊರು ಕೇಳಿದರೆ ಮಾಲೂರಿನ ಹತ್ತಿರ ಎನ್ನುತ್ತಾಳೆ. ಯಾವ ಸಭೆ ಎಂದರೆ ಅದನ್ನೂ ಹೇಳುತ್ತಾಳೆ. ಆಮೇಲೆ ಯಾರೋ ಒಬ್ಬರು, ಟೀ ಲೋಟ ಕೈಗಿಡುತ್ತಾ, ನಗುನಗುತ್ತಲೇ ಕೇಳುತ್ತಾರೆ: "ಮೊದಲು ನೀವು ಯಾವ ಕಡೆಯವರು?" ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, "ನಮ್ಮ ತಾತನ ಕಾಲದಿಂದಲೂ ಕ್ರೈಸ್ತರೇ" ಎನ್ನುತ್ತಾಳೆ. ಕೇಳಿದವರಿಗೆ ಬೇಕಾದದ್ದು ಅಷ್ಟರಲ್ಲೇ ಸಿಕ್ಕಿಹೋಗುತ್ತದೆ. ಮುಂದಿನ ವಾರ ಅವಳು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂರುತ್ತಾಳೆ. ತಿಂಗಳು ಕಳೆಯುವುದರೊಳಗೆ ಬರುವುದನ್ನೇ ಬಿಡುತ್ತಾಳೆ. ಆಗ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು: ಸಹೋದರಿ ನಂಬಿಕೆಯಲ್ಲಿ ಹಿಂಜಾರಿದ್ದಾರೆ, ಪ್ರಾರ್ಥಿಸಿ.

ಹಿಂಜಾರಿದವರು ಯಾರು, ನೀವೇ ಹೇಳಿ.

ನಮ್ಮ ಹೆಮ್ಮೆಯ ಪಟ್ಟಿ ದೊಡ್ಡದು. 1843ರಲ್ಲಿ ಮಿಷನರಿ ಮೋಗ್ಲಿಂಗ್ ತಂದ 'ಮಂಗಳೂರ ಸಮಾಚಾರ' ಪತ್ರಿಕೆ, 1894ರ ಕಿಟೆಲ್ ನಿಘಂಟು, 1973ರಿಂದ ಹೆಬ್ಬಾಳದಲ್ಲಿರುವ ಬ್ಯಾಪ್ಟಿಸ್ಟ್ ಆಸ್ಪತ್ರೆ. ವೇದಿಕೆ ಸಿಕ್ಕಿದಾಗಲೆಲ್ಲ ಇವನ್ನು ಹೇಳುತ್ತೇವೆ, ಹೇಳಲೂಬೇಕು. ಅದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಹೋದದ್ದನ್ನು, ಅಲ್ಲಿ ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರು ದೀಕ್ಷಾಸ್ನಾನ ಪಡೆದಾಗ ಅವರಿಗೆ ನೆಲೆಯಾಗಿ ಅಮ್ಮತ್ತಿ ಬಳಿ ಆನಂದಪುರ ಎಂಬ ಊರು ಎದ್ದದ್ದನ್ನು ಎಷ್ಟು ಜನ ಹೇಳುತ್ತೇವೆ? ಪತ್ರಿಕೆ, ನಿಘಂಟುಗಳಷ್ಟೇ ದೊಡ್ಡ ಕೆಲಸ ಅದು. ನನ್ನನ್ನು ಕೇಳಿದರೆ ಅವಕ್ಕಿಂತಲೂ ದೊಡ್ಡದು.

ಇನ್ನೊಂದು ಸಂಗತಿ ನಿಮ್ಮ ಮಗ್ಗುಲಲ್ಲೇ ನಡೆದದ್ದು. ಆರ್.ಟಿ. ನಗರದಿಂದ ಜಯಮಹಲ್ ದಾಟಿ ಹೋದರೆ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಸಿಗುತ್ತದೆ, 1910ರದು. 1981ರಲ್ಲಿ ಅಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಒಂದು ಭಾಷಣ ಮಾಡಿದರು. ಭಾರತದ ಕ್ರೈಸ್ತರಲ್ಲಿ ಬಹಳಷ್ಟು ಜನ ದಲಿತರು. ಹಾಗಿದ್ದೂ ನಮ್ಮ ದೇವಶಾಸ್ತ್ರ ಬ್ರಾಹ್ಮಣ ತತ್ತ್ವಜ್ಞಾನದ ಜೊತೆ ಮಾತಾಡಿದಷ್ಟು ದಲಿತರ ನೋವಿನ ಜೊತೆ ಮಾತಾಡಿಲ್ಲ ಎಂಬುದು ಅವರ ಅಳಲು. ಇಂದು ದಲಿತ ದೇವಶಾಸ್ತ್ರ ಎಂದು ಜಗತ್ತಿನ ನಾನಾ ಕಡೆ ಓದುವ ವಿಚಾರಧಾರೆಗೆ ಆ ಭಾಷಣವೇ ಮೊದಲ ಮಾತು ಎನ್ನುತ್ತಾರೆ. ನಿಮ್ಮ ಪಿ.ಜಿ.ಯಿಂದ ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲಿ ಹುಟ್ಟಿದ ಮಾತು ನಿಮ್ಮ ಕೂಟದ ಬಾಗಿಲಿಗೆ ಇನ್ನೂ ಬಂದಿಲ್ಲವೆಂದರೆ ಆ ಬಾಗಿಲನ್ನು ಹಿಡಿದುಕೊಂಡು ನಿಂತವರು ನಾವೇ.

ಕಥೋಲಿಕರಾದ ನೀವು ಇದು ಪ್ರೊಟೆಸ್ಟೆಂಟರ ಪಾಡು ಎನ್ನಬೇಡಿ. ಕರಾವಳಿಯ ಮನೆಗಳಲ್ಲಿ ಮದುವೆ ಮಾತು ಬಂದಾಗ ಬಾಮಣರೋ ಚಾರೊಡಿಗಳೋ ಎಂದು ಜಾತಿ ವಿಚಾರಿಸುವುದು ನಿಂತಿದೆಯೇ? ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರಲ್ಲಿ ದಲಿತರ ಕುರಿತ ತನ್ನ ನೀತಿಪತ್ರ ಹೊರಡಿಸಿ, ಧರ್ಮಸಭೆಯೊಳಗೆ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. ಬಿಷಪರು ಒಪ್ಪಿದ್ದನ್ನು ಇಪ್ಪತ್ತರ ಹರೆಯದ ನೀವು ಅಲ್ಲಗಳೆಯುವುದು ಹೇಗೆ?

ಈಗ ಬೇಡ ಎನ್ನುವವರಿದ್ದಾರೆ. ಹೊರಗೆ ಪರಿಸ್ಥಿತಿ ಸರಿಯಿಲ್ಲ, ಪ್ರಾರ್ಥನಾ ಮನೆಗಳ ಮೇಲೆ ಜನ ನುಗ್ಗುತ್ತಿದ್ದಾರೆ, ನಮ್ಮ ಹುಳುಕನ್ನು ನಾವೇ ಆಡಿಕೊಂಡರೆ ಅವರ ಕೈಗೆ ಕೋಲು ಕೊಟ್ಟಂತೆ ಎನ್ನುತ್ತಾರೆ. ಆ ಭಯ ಸುಳ್ಳಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯನ್ನು ನೆನೆಯಿರಿ. ಮತಾಂತರಗೊಂಡವರು ಪರಿಶಿಷ್ಟರಾಗಿದ್ದರೆ ಮತಾಂತರಿಸಿದವರಿಗೆ ಅದು ಹೆಚ್ಚಿನ ಶಿಕ್ಷೆ ಇಟ್ಟಿತು. ಅವರಿಗೆ ಸ್ವಂತ ಬುದ್ಧಿಯಿಂದ ದೇವರನ್ನು ಆರಿಸಿಕೊಳ್ಳಲು ಬಾರದೆಂಬಂತೆ. ಆ ಅವಮಾನದ ವಿರುದ್ಧ ಬೀದಿಗಿಳಿದ ನಾವು, ಅವರೇ ನಮ್ಮ ಪಕ್ಕದ ಕುರ್ಚಿಗೆ ಬಂದಾಗ ಯಾವ ಕಡೆಯವರು ಎಂದು ಕೇಳಿದರೆ, ನಮ್ಮ ಹೋರಾಟವನ್ನು ಯಾರು ನಂಬಬೇಕು? 2025ರ ಜಾತಿ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿಗಳ ಹೆಸರಿನ ಜೊತೆ ಕ್ರಿಶ್ಚಿಯನ್ ಎಂದು ಸೇರಿಸಿದ್ದಕ್ಕೆ ಎಷ್ಟು ಗದ್ದಲವಾಯಿತು! ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಎಂದು ಹೊರಗಿನವರು ಕೂಗಿದರು. ಆಗಲಾದರೂ ನಾವು ಬಾಯಿಬಿಟ್ಟು, ಬಂದಿದೆ, ನಮ್ಮ ಜೊತೆಯಲ್ಲೇ ಬಂದಿದೆ ಎನ್ನಬೇಕಿತ್ತು.

ಅಂತಿಯೋಕ್ಯದಲ್ಲಿ ನಡೆದದ್ದನ್ನು ನೀವು ಸಂಡೇಸ್ಕೂಲಿನಲ್ಲೇ ಓದಿದ್ದೀರಿ. ಅನ್ಯಜನರ ಜೊತೆ ಊಟಕ್ಕೆ ಕೂರುತ್ತಿದ್ದ ಪೇತ್ರ, ತನ್ನವರು ನೋಡುತ್ತಾರೆಂದು ಹೆದರಿ ಪಂಕ್ತಿಯಿಂದ ಎದ್ದುಹೋದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಆಗ ಸಭೆ ಎಳೆಯದು, ಸುತ್ತ ವೈರಿಗಳಿದ್ದರು. ಇದು ಸಮಯವಲ್ಲ ಎಂದು ಪೌಲ ಸುಮ್ಮನಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಮುಂದಿನ ಕೂಟದಲ್ಲಿ ಗಿಟಾರ್ ಬದಿಗಿಟ್ಟು ಅರ್ಧ ಗಂಟೆ ಈ ಮಾತಿಗೆ ಕೊಡಿ. ದಲಿತ ಗೆಳೆಯರನ್ನು ಎಬ್ಬಿಸಿ ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿ. ಮೇಲುಜಾತಿಯಿಂದ ಬಂದವರು ನೀವೇ ಮೊದಲು ನಿಮ್ಮ ಮನೆಯ ಮಾತು ಹೇಳಿ. ಸಂವಿಧಾನದ 1950ರ ಆದೇಶದ ಮೂರನೆಯ ಪ್ಯಾರಾ ದಲಿತ ಕ್ರೈಸ್ತರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದ ಬಾಗಿಲು ಇವರಿಗೆ ತೆರೆದಿಲ್ಲ. ಅದರಿಂದ ನಿಮಗೆ ಸೀಟು ಸಿಗಲಿ ಬಿಡಲಿ, ಅವರ ಪರವಾಗಿ ಸಹಿ ಹಾಕಿ, ಧರಣಿಗೆ ಹೋಗಿ. ಹಾಸ್ಟೆಲಿನಲ್ಲಿ ಕೋಟಾ ಎಂದು ಯಾರಾದರೂ ಹಂಗಿಸಿದರೆ ಅಲ್ಲೇ ತಡೆಯಿರಿ. ಓದು ಮುಗಿದು, ಮನೆಯಲ್ಲಿ ನಿಮ್ಮ ಮದುವೆಗೆ "ನಮ್ಮವರಲ್ಲೇ" ನೋಡಲು ಹೊರಟ ದಿನ ಅಪ್ಪ ಅಮ್ಮನ ಎದುರು ಕೂತು ಒಲ್ಲೆ ಎನ್ನಿ. ಮತ್ತು ಆ ಮಾಲೂರಿನ ಹುಡುಗಿಗೆ ಇವತ್ತು ಸಂಜೆಯೇ ಫೋನ್ ಮಾಡಿ. ಕೂಟಕ್ಕೆ ಕರೆಯುವುದು ಆಮೇಲಾಯಿತು, ಮೊದಲು ಕ್ಷಮೆ ಕೇಳಿ.