ನಮ್ಮ ಕೈತೋಟ: ಬರಿದಾಗಿ ಕಾಣುವ ಕುಂಡ

ಬಾಲಾನಗರದ ಸೋದರಿಯೊಬ್ಬರು ಬರೆದು ಕೇಳಿದ್ದಾರೆ: “ನರ್ಸರಿಯಿಂದ ತಂದ ನೆಲಸೀತಾಳೆ ಶ್ರಾವಣದಲ್ಲಿ ಬಿಳಿಯ ಹೂ ಬಿಟ್ಟು ಮನೆಮಂದಿಯನ್ನೆಲ್ಲ ಮರುಳುಮಾಡಿತು. ದೀಪಾವಳಿ ಕಳೆಯುವಷ್ಟರಲ್ಲಿ ಎಲೆಗಳೆಲ್ಲ ಹಳದಿಯಾಗಿ ಕಾಂಡವೂ ಒಣಗಿಹೋಯಿತು. ಈಗ ಕುಂಡದಲ್ಲಿ ಮಣ್ಣಲ್ಲದೆ ಏನೂ ಇಲ್ಲ. ಎಸೆದುಬಿಡಲೆ?”

ಎಸೆಯಬೇಡಿ, ತಾಯಿ. ನೀರನ್ನೂ ಹಾಕಬೇಡಿ. ಈ ಎರಡನೆಯ ಮಾತೇ ಮುಖ್ಯವಾದುದು. ಎಸೆದು ಕಳೆದುಕೊಂಡ ಗಿಡಗಳಿಗಿಂತ, ಕನಿಕರದಿಂದ ನೀರೆರೆದು ಕೊಳೆಸಿದ ಗಿಡಗಳೇ ಹೆಚ್ಚೆಂದು ನಮ್ಮ ಎಣಿಕೆ.

ಸೀತಾಳೆಯೆಂದರೆ ಮಲೆನಾಡಿನಿಂದ ಬಂದವರಿಗೆ ಮರದ ಕೊಂಬೆಯಿಂದ ಜೋಲುವ ದಂಡೆಯೇ ಕಣ್ಣಮುಂದೆ ಬರುವುದು. ಆದರೆ ನೆಲದಲ್ಲೇ ಬೇರೂರುವ ಬಳಗವೂ ಒಂದಿದೆ. ಹ್ಯಾಬನೇರಿಯ, ಪೆಕ್ಟೀಲಿಸ್ ಮೊದಲಾದವು ಈ ಬಳಗದವು. ಪಶ್ಚಿಮ ಘಟ್ಟದ ಹುಲ್ಲುಗಾವಲುಗಳಲ್ಲಿ, ಸಾತಾರೆಯ ಬಳಿಯ ಕಾಸ್ ಪ್ರಸ್ಥಭೂಮಿಯಲ್ಲಿ, ಮಳೆ ಬಿದ್ದೊಡನೆ ಹ್ಯಾಬನೇರಿಯಗಳು ಚಿಗುರಿ ಹೂವಾಗುತ್ತವೆ; ಮಳೆ ಹಿಂದೆಗೆದಂತೆ ಮಣ್ಣಿನೊಳಗೆ ಅಡಗುತ್ತವೆ. ನಮ್ಮ ಹಿತ್ತಿಲಿನ ಅರಿಶಿನ ಮಾಡುವುದೂ ಇದನ್ನೇ ಅಲ್ಲವೆ? ಅರಿಶಿನದ ಎಲೆ ಒಣಗಿದರೆ ಗಿಡ ಸತ್ತಿತೆಂದು ಯಾರೂ ಅಳುವುದಿಲ್ಲ.

ಒಳಗಿನ ಸಂಸಾರ ಮಾತ್ರ ಸ್ವಾರಸ್ಯವಾಗಿದೆ. ಮಳೆಗಾಲದಲ್ಲಿ ಗಿಡವು ಹಳೆಯ ಗೆಡ್ಡೆಯನ್ನು ಉಂಡು ಮುಗಿಸುತ್ತ, ಮಗ್ಗುಲಲ್ಲಿಯೇ ಬರುವ ವರ್ಷಕ್ಕೆ ಹೊಸದೊಂದನ್ನು ಕಟ್ಟುತ್ತದೆ. ಹೂ ಮುಗಿದ ಮೇಲೂ ಹಸಿರೆಲೆಯನ್ನು ಕೀಳಬಾರದೆನ್ನುವುದು ಇದಕ್ಕಾಗಿಯೆ; ಆ ಎಲೆ ದುಡಿದು ತಂದುದೇ ಹೊಸ ಗೆಡ್ಡೆಯ ಗಂಟು. ಹೂದಂಟನ್ನು ಬೇಕಾದರೆ ಕತ್ತರಿಸಿ. ಅಂಗಡಿಯವರು ಇದನ್ನು ‘ಬಲ್ಬು’ ಎನ್ನುತ್ತಾರೆ. ಈರುಳ್ಳಿಗಿರುವ ಸಿಪ್ಪೆ ಇದಕ್ಕಿಲ್ಲ. ಆದ್ದರಿಂದ ಕಿತ್ತು ಬುಟ್ಟಿಯಲ್ಲಿಟ್ಟರೆ ಸುಕ್ಕುಗಟ್ಟುತ್ತದೆ. ಕುಂಡದ ಮಣ್ಣಿನಲ್ಲೇ ಮಲಗಿರಲಿ.

ಎಲ್ಲಿಡಬೇಕು? ಬಾಲಾನಗರ ಕಾರ್ಖಾನೆಗಳ ಊರು, ಗಿಡಗಳಿಗೆ ಜಾಗವೆಂದರೆ ಹೆಚ್ಚಿನವರಿಗೆ ತಾರಸಿಯೇ. ಮೇ ತಿಂಗಳಲ್ಲಿ ಹೈದರಾಬಾದಿನ ಬಿಸಿಲು 40 ಡಿಗ್ರಿ ದಾಟುವಾಗ ತಾರಸಿಯ ಕುಂಡದ ಮಣ್ಣು ಒಲೆಯ ಬೂದಿಯಂತೆ ಕಾಯುತ್ತದೆ. ಘಟ್ಟದ ಗೆಡ್ಡೆಗೆ ಮೇಲೆ ಹುಲ್ಲಿನ ಹೊದಿಕೆಯೂ ಸುತ್ತ ತಂಪು ನೆಲವೂ ಉಂಟು. ಕುಂಡದ್ದಕ್ಕೆ ಎರಡೂ ಇಲ್ಲ. ಆದ್ದರಿಂದ ಕುಂಡವನ್ನು ಮೆಟ್ಟಿಲ ಕೆಳಗೋ ಬಚ್ಚಲ ಹಿಂಬದಿಯ ನೆರಳಿಗೋ ಇಳಿಸಿ, ಚೀಟಿ ಅಂಟಿಸಿ. ಕೆಲಸದವಳು ಖಾಲಿ ಕುಂಡವೆಂದು ಕರಿಬೇವು ನೆಟ್ಟುಬಿಟ್ಟಾಳು! ಬೇಸಗೆ ತೀರ ಕಡುವಾದಾಗ ಮಣ್ಣಿನ ಕುಂಡವನ್ನು ಒದ್ದೆ ಮರಳಿನ ತಟ್ಟೆಯ ಮೇಲೆ ಕೂರಿಸಿದರೆ ಸಾಕು. ಅಡಿಯಿಂದ ಹತ್ತುವ ತಣ್ಪು ಗೆಡ್ಡೆಯನ್ನು ಕಾಯುತ್ತದೆ.

ಯುಗಾದಿ ಕಳೆದ ಮೇಲೆ ಕುಂಡವನ್ನು ಕಾಗದದ ಮೇಲೆ ಮೆಲ್ಲನೆ ಬೋರಲು ಹಾಕಿ ನೋಡಿ. ಒತ್ತಿದರೆ ಗಟ್ಟಿಯಾಗಿರುವುದು ಜೀವಂತ. ಮೆತ್ತಗಾಗಿ ನಾರುವುದು ಕೊಳೆತದ್ದು. ಕೆಮ್ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವನ್ನು ಸಮಪಾಲು ಬೆರಸಿ, ಆರಂಗುಲದ ಕುಂಡದ ತಳಕ್ಕೆ ಇಟ್ಟಿಗೆಚೂರು ಹಾಕಿ, ಮೊಳಕೆಯ ಕಣ್ಣು ಮೇಲಾಗಿ ಎರಡು ಬೆರಳಿನ ಆಳದಲ್ಲಿ ಗೆಡ್ಡೆಯನ್ನಿಡಿ. ಎರೆಮಣ್ಣು ಸರ್ವಥಾ ಕೂಡದು.

ಮೃಗಶಿರ ಕಾರ್ತಿ ಬಂದು ನಾಂಪಲ್ಲಿಯ ಮೈದಾನದಲ್ಲಿ ಮೀನುಪ್ರಸಾದಕ್ಕೆ ಜನ ಸೇರುವ ಹೊತ್ತಿಗೆ ಕುಂಡವನ್ನು ಹೊರಗಿಡಬಹುದು. ಮೊಳಕೆ ಕಂಡ ಮೇಲೆಯೇ ಧಾರಾಳವಾಗಿ ನೀರು. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಲೇಸು. ಬೆಳಗಿನ ಎಳೆಬಿಸಿಲು ಬೇಕು. ಗೊಬ್ಬರವನ್ನು ಹೇಳಿದ್ದರ ಕಾಲುಭಾಗ ಹಾಕಿದರೂ ಹೆಚ್ಚೇ.

ರಜೆಗೆ ಊರಿಗೆ ಹೋದವರು ಗುಡ್ಡದಿಂದ ಗೆಡ್ಡೆ ಅಗೆದು ಚೀಲದಲ್ಲಿ ತರುವುದುಂಟು. ಊರಿನ ನೆನಪೆಂದು ತರುವವರ ಮನಸ್ಸು ನಮಗೆ ಅರ್ಥವಾಗದೆ ಇಲ್ಲ, ಆದರೂ ತರಬಾರದು. ಮೀಸಲು ಅರಣ್ಯದಿಂದ ಅಗೆಯುವುದು ಅಪರಾಧವೆಂಬುದು ಒಂದು ಮಾತು. ಇನ್ನೊಂದು, ಅಗೆದ ಜಾಗ ಬೇಗ ತುಂಬುವುದಿಲ್ಲ. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು, ಮರಿಗೆ ಕಟ್ಟಿಕೊಡುವ ಬುತ್ತಿ ಅದರಲ್ಲಿಲ್ಲ. ಮಣ್ಣಿನ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸಿದರೇನೆ ಮೊಳೆಯುತ್ತದೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ನರು ಸಕ್ಕರೆ ಬೆರೆತ ಆಹಾರದ ಮೇಲೆ, ಶಿಲೀಂಧ್ರದ ಹಂಗಿಲ್ಲದೆ, ಬೀಜ ಮೊಳೆಯಿಸಿ ತೋರಿಸಿದರು. ಪ್ರಯೋಗಶಾಲೆಯ ಸೀಸೆಗಳಲ್ಲಿ ಸೀತಾಳೆಯ ಸಸಿ ಬೆಳೆಸುವ ದಾರಿ ತೆರೆದದ್ದು ಹಾಗೆ. ಕೊಳ್ಳುವಾಗ, ಹೀಗೆ ಬೆಳೆಸಿದ್ದೇ ಅಥವಾ ಕಾಡಿನಿಂದ ತಂದದ್ದೇ ಎಂದು ಬಾಯಿಬಿಟ್ಟು ಕೇಳಿ.

ಒಮ್ಮೊಮ್ಮೆ ಒಂದು ಗಿಡ ಎರಡು ಹೊಸ ಗೆಡ್ಡೆ ಕಟ್ಟುವುದುಂಟು. ಹಾಗೆ ಸಿಕ್ಕಿದರೆ ಒಂದನ್ನು ಮರಳಿನ ಪೊಟ್ಟಣದಲ್ಲಿಟ್ಟು ಸಂಘದ ಕೂಟಕ್ಕೆ ತನ್ನಿ. ಕೇಳುವವರು ಇದ್ದೇ ಇರುತ್ತಾರೆ.