ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಅಂದ್ರೆ ತಪ್ಪೇನು?



ರಸ್ತೆ ಅಪಘಾತದ ಪರಿಹಾರದ ಕೇಸುಗಳಲ್ಲಿ ಸದ್ದಿಲ್ಲದೆ ನಡೀತಿರೋ ಒಂದು ಅನ್ಯಾಯದ ಬಗ್ಗೆ ಬರೀಬೇಕಿದೆ. ಗಾಯಾಳು "ನನ್ನ ಸ್ಥಿತಿ ಮೊದಲಿಗಿಂತ ಕೆಟ್ಟಿದೆ, ಮೆಡಿಕಲ್ ಬೋರ್ಡಿಗೆ ಕಳಿಸಿ" ಅಂತ ಅರ್ಜಿ ಹಾಕ್ತಾನೆ. "ಡಾಕ್ಟರ್ ಸಾಕ್ಷಿ ಆಗಿಹೋಗಿದೆ, ಇದು ಕೇಸು ಎಳೆಯೋಕೆ ಹಾಕಿದ ಅರ್ಜಿ" ಅಂತ ಟ್ರಿಬ್ಯೂನಲ್ ಎರಡು ಸಾಲಲ್ಲಿ ವಜಾ ಮಾಡುತ್ತೆ. ಅಲ್ಲಿಗೆ ಒಂದು ಮನೆಯ ಅನ್ನದ ಲೆಕ್ಕ ಮುಗೀತು.

ಯಾಕೆ ಮುಗೀತು ಅಂತ ಹೇಳ್ತೀನಿ. ನಮ್ಮ ಕೋರ್ಟುಗಳಲ್ಲಿ ಒಂದು ರೂಢಿ ಇದೆ. ಕಾಲಿಗೆ ಶೇ. 45 ಊನ ಅಂತ ಡಾಕ್ಟರ್ ಹೇಳಿದ್ರೆ ಅದರ ಮೂರನೇ ಒಂದು ಭಾಗ, ಅಂದ್ರೆ ಶೇ. 15ನ್ನು ಇಡೀ ದೇಹದ ಊನ ಅಂತ ಹಿಡೀತಾರೆ. 38 ವರ್ಷದ ಗಾರೆ ಕೆಲಸದವನಿಗೆ ತಿಂಗಳಿಗೆ 12,000 ಆದಾಯ ಅಂತಿಟ್ಟುಕೊಳ್ಳಿ. ಆ ವಯಸ್ಸಿಗೆ ಗುಣಕ 15. ಶೇ. 15ರ ಲೆಕ್ಕಕ್ಕೆ ದುಡಿಮೆ ನಷ್ಟ 3,24,000 ರೂಪಾಯಿ. ಮತ್ತೆ ಪರೀಕ್ಷೆ ಮಾಡಿಸಿ, ಅವನು ಸಾರುವೆ ಹತ್ತೋಕೆ ಆಗಲ್ಲ ಅಂತ ಗೊತ್ತಾಗಿ, ದುಡಿಮೆ ನಷ್ಟವನ್ನ ಶೇ. 60 ಅಂತ ಹಿಡಿದರೆ 12,96,000. ಆ ಎರಡು ಸಾಲಿನ ಆದೇಶದ ಬೆಲೆ 9,72,000 ರೂಪಾಯಿ!

ನಾನು ಜೊತೆಗೆ ಓಡಾಡಿದ ಒಂದು ಕೇಸಲ್ಲಿ ಹೀಗೇ ಆಯ್ತು. ನಮ್ಮ ಕೇರಿಯ ಅಣ್ಣನೊಬ್ಬನ ಕಾಲಿಗೆ ರಾಡ್ ಹಾಕಿದ್ರು. ಮೂಳೆ ಕೂಡ್ತಿದೆ ಅನ್ನೋ ಹೊತ್ತಲ್ಲಿ ಡಾಕ್ಟರ್ ಶೇಕಡಾವಾರು ಬರೆದುಕೊಟ್ರು. ಆಮೇಲೆ ಕೀವು ತುಂಬಿ, ರಾಡ್ ತೆಗೆದು, ಮತ್ತೆ ಆಪರೇಷನ್ ಆಯ್ತು. ಹೊಸ ಎಕ್ಸ್‌ರೇ ಹಿಡ್ಕೊಂಡು ಅರ್ಜಿ ಹಾಕಿದ್ವಿ. ಎಕ್ಸ್‌ರೇ ಕವರಿಂದ ಆಚೆಗೇ ಬರಲಿಲ್ಲ, ಅರ್ಜಿ ವಜಾ.

"ಆಮೇಲೆ ಹೆಚ್ಚಾದ್ರೆ ಆಮೇಲೆ ಕೇಳಲಿ" ಅನ್ನೋ ಹಾಗೂ ಇಲ್ಲ. ನಮ್ಮ ರಾಜ್ಯದಿಂದಲೇ ಹೋದ ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಹೇಳಿದೆ: ಅಂತಿಮ ಅವಾರ್ಡ್ ಆದಮೇಲೆ ಇನ್ನೊಂದು ಅವಾರ್ಡ್ ಕೊಡೋಕೆ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶ ಇಲ್ಲ. ಅಂದ್ರೆ ಅಳತೆ ಆಗೋದು ಒಂದೇ ಸಲ. ಆ ಅಳತೆಯೇ ತಪ್ಪಾಗಿದ್ರೆ ಸಾಯೋವರೆಗೂ ತಪ್ಪು. ಹಾಗಿದ್ದಮೇಲೆ ಮರುಪರೀಕ್ಷೆ ನಿರಾಕರಿಸೋ ಆದೇಶ ಸಣ್ಣ ಮಧ್ಯಂತರ ಆದೇಶ ಹೇಗಾಗುತ್ತೆ?

ಆದರೆ ಕಾನೂನು ಅದನ್ನ ಮಧ್ಯಂತರ ಅಂತಲೇ ನೋಡುತ್ತೆ. ಅದು ಅವಾರ್ಡ್ ಅಲ್ಲ, ಹಾಗಾಗಿ 173ನೇ ಸೆಕ್ಷನ್ನಿನ ಮೇಲ್ಮನವಿ ಸಿಗಲ್ಲ. ಉಳಿಯೋದು ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್. ಅಲ್ಲಿ "ಅವಾರ್ಡ್ ಆದಮೇಲೆ ಮೇಲ್ಮನವಿಯಲ್ಲಿ ಹೇಳಿಕೊಳ್ಳಿ" ಅಂದುಬಿಡೋದು ಸುಲಭ. ಆ ಮೇಲ್ಮನವಿ ವಿಚಾರಣೆಗೆ ಬರೋವರೆಗೆ ಕಾಯೋದು ಯಾರು? ಸಾಲ ಮಾಡಿ ಆಪರೇಷನ್ ಮಾಡಿಸಿಕೊಂಡವನು.

ಸುಳ್ಳು ಸರ್ಟಿಫಿಕೇಟ್ ಹಾವಳಿ ಇದೆ ಅಂತಾರೆ. ಇರಬಹುದು. ಆದ್ರೆ ಅದಕ್ಕೆ ಮದ್ದು ಯಾವುದು? 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ ಸುಲಭವಾಗಿ ಸಿಗೋ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರಿಸಿತು, ನಿಜ. ಅದೇ ತೀರ್ಪು ಟ್ರಿಬ್ಯೂನಲ್ ಮೂಕಪ್ರೇಕ್ಷಕ ಆಗಬಾರದು, ಗಾಯಾಳುವನ್ನ ಮೆಡಿಕಲ್ ಬೋರ್ಡಿಗೆ ಕಳಿಸಬಹುದು ಅಂತಾನೂ ಹೇಳಿತು. ಎಡಗೈ ಕಳೆದುಕೊಂಡ ಬಡಗಿಗೆ ದುಡಿಮೆ ನಷ್ಟ ನೂರಕ್ಕೆ ನೂರು ಆಗಬಹುದು, ಸರ್ಕಾರಿ ಗುಮಾಸ್ತನಿಗೆ ಹಾಗಾಗದೇ ಇರಬಹುದು ಅಂತ ಉದಾಹರಣೆ ಕೊಟ್ಟಿತು. ಡಾಕ್ಟರನ್ನ ನಂಬಲ್ಲ, ಬೋರ್ಡಿಗೂ ಕಳಿಸಲ್ಲ ಅಂದ್ರೆ ಅದು ಎಚ್ಚರಿಕೆ ಅಲ್ಲ, ಬಡವನ ಮೇಲಿನ ಅನುಮಾನ.

ಈ ಅನುಮಾನ ಯಾರ ಮೇಲೆ ಹೆಚ್ಚು ಬೀಳುತ್ತೆ ಅಂತ ನಮಗೆ ಗೊತ್ತು. ಜಾತಿ ನಮಗೆ ಹಂಚಿದ್ದು ಮೈ ಬಗ್ಗಿಸೋ ಕೆಲಸ. ಚರಂಡಿ, ಹಮಾಲಿ, ಗಾರೆ, ಹೊಲ. ಕುರ್ಚಿಯಲ್ಲಿ ಕೂತು ದುಡಿಯೋನಿಗೆ ಕುಂಟು ಕಾಲು ಒಂದು ಕಷ್ಟ, ನಮ್ಮವರಿಗೆ ಅದು ಕೆಲಸವೇ ಇಲ್ಲ ಅನ್ನೋ ಸ್ಥಿತಿ. ಇಬ್ಬರಿಗೂ ಅದೇ ಮೂರನೇ ಒಂದು ಭಾಗದ ಸೂತ್ರ ಹಾಕೋದು ಸಮಾನತೆ ಅಲ್ಲ.

ನಮ್ಮ ಒತ್ತಾಯ ಇಷ್ಟು. ಹೊಸ ಚಿಕಿತ್ಸೆಯ ದಾಖಲೆ ನೋಡದೆ, ಕಾರಣ ಬರೆಯದೆ ಮರುಪರೀಕ್ಷೆಯ ಅರ್ಜಿ ವಜಾ ಮಾಡಬಾರದು. ಮಾಡಿದ್ರೆ ಹೈಕೋರ್ಟ್ ಆಗಲೇ ಮಧ್ಯಪ್ರವೇಶಿಸಬೇಕು, ಅವಾರ್ಡ್ ಬರಲಿ ಅಂತ ಕಾಯಿಸಬಾರದು.

ಕೇಸು ನಡೆಸ್ತಿರೋ ನಮ್ಮವರಿಗೆ ಒಂದು ಮಾತು. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿ ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಮರುಪರೀಕ್ಷೆ ಬೇಕು ಅಂತ ವಾದ ಮುಗಿಯೋಕೆ ಮೊದಲೇ ಲಿಖಿತವಾಗಿ ಕೇಳಿ. ವಜಾ ಆದ್ರೆ ಆದೇಶದ ದೃಢೀಕೃತ ನಕಲು ತಗೊಳ್ಳಿ. ವಕೀಲರ ಫೀಸಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್ ಪ್ರಕಾರ ಎಸ್‌ಸಿ, ಎಸ್‌ಟಿ ಸಮುದಾಯದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ಅದು ಭಿಕ್ಷೆ ಅಲ್ಲ, ಹಕ್ಕು. ಕೇಳಿ ಪಡೀರಿ.

ಜೈ ಭೀಮ್.