ಮುಟ್ಟದ ಆಟಿಕೆಗೆ ನೂರಕ್ಕೆ ತೊಂಬತ್ತು

ಅಂಕ ಕೊಡುವುದು ನನ್ನ ವೃತ್ತಿ. ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಶಾಯಿಯ ಪೆನ್ನು ಹಿಡಿದವಳು. ಹಾಗಾಗಿ ಅಮೆರಿಕಾದಲ್ಲಿ ಆಟದ ಸಾಮಾನುಗಳಿಗೂ ನೂರಕ್ಕೆ ಇಷ್ಟು ಎಂದು ಅಂಕ ಹಾಕುವ ಸಂಸ್ಥೆಗಳಿವೆ ಎಂದು ತಿಳಿದಾಗ, ಅವರು ಯಾವುದಕ್ಕೆ ಅಂಕ ಕೊಡುತ್ತಾರೆಂಬ ಕುತೂಹಲ ಹುಟ್ಟಿತು. ತಿಳಿದ ಮೇಲೆ ಸಿಟ್ಟು ಬಂತು. ರಟ್ಟಿನ ಪೆಟ್ಟಿಗೆಯ ಮೂಲೆ ಮುದುಡಿದೆಯೇ, ಪ್ಲಾಸ್ಟಿಕ್ಕು ಹಳದಿಗಟ್ಟಿದೆಯೇ, ಕಾರ್ಖಾನೆಯಲ್ಲಿ ಅಂಟಿಸಿದ ಟೇಪು ಹಾಗೇ ಇದೆಯೇ, ಇವಕ್ಕೆ ಅಂಕ. ಆಮೇಲೆ ಇಡೀ ಪೆಟ್ಟಿಗೆಯನ್ನು ಗಾಜಿನಂಥ ಅಕ್ರಿಲಿಕ್ ಗೂಡಿನಲ್ಲಿಟ್ಟು ಭದ್ರಪಡಿಸಿ, ಮೇಲೆ ಅಂಕದ ಚೀಟಿ ಅಂಟಿಸಿ ಕಳಿಸುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ಒಂದಕ್ಷರವನ್ನೂ ಬರೆಯದೆ, ಮಡಿಕೆ ಬೀಳದ ಹಾಗೆ ಹಿಂತಿರುಗಿಸಿದನೆಂದು ನಾನು ತೊಂಬತ್ತು ಅಂಕ ಕೊಟ್ಟರೆ ಹೇಗಿರುತ್ತದೆ, ನೀವೇ ಹೇಳಿ.

ಇಂಥ ಅಂಕಗಳಿಗೆ ಹೆಸರಾದ ಒಂದು ಗೊಂಬೆಯ ವಿಷಯ ಹೇಳುತ್ತೇನೆ. ಅದರ ಹೆಸರು ಆಪ್ಟಿಮಸ್ ಪ್ರೈಮ್. ಮನೆಯಲ್ಲಿ ಗಂಡುಹುಡುಗರಿದ್ದರೆ ನಿಮಗೆ ಗೊತ್ತಿರುತ್ತದೆ. ಇಲ್ಲದಿದ್ದರೂ 2007ರಿಂದ ಬಂದ ಟ್ರಾನ್ಸ್‌ಫಾರ್ಮರ್ಸ್ ಸಿನಿಮಾಗಳಲ್ಲಿ ಆ ಲಾರಿ ಎದ್ದು ನಿಂತು ಮನುಷ್ಯಾಕಾರದ ಯಂತ್ರವಾಗುವುದನ್ನು ನೋಡಿರಬಹುದು. ಅದು ಹುಟ್ಟಿದ್ದು ಜಪಾನಿನಲ್ಲಿ. ಟಕಾರ ಕಂಪನಿ 1983ರಲ್ಲಿ ‘ಬ್ಯಾಟಲ್ ಕಾನ್ವಾಯ್’ ಎಂಬ ಹೆಸರಿನಿಂದ ಮಾರಿದಾಗ ಅದೊಂದು ವಾಹನ ಅಷ್ಟೆ; ಬೆರಳಿನ ಗೆಣ್ಣಿನಷ್ಟಿದ್ದ ಒಬ್ಬ ಪುಟ್ಟ ಚಾಲಕ ಅದನ್ನು ನಡೆಸುತ್ತಿದ್ದ. ಮರುವರ್ಷ ಅಮೆರಿಕಾದ ಹ್ಯಾಸ್ಬ್ರೋ ಕಂಪನಿ ಅದನ್ನು ತೆಗೆದುಕೊಂಡು, ಚಾಲಕನನ್ನು ಕೆಳಗಿಳಿಸಿ, ಲಾರಿಗೇ ಜೀವವನ್ನೂ ನಾಯಕನ ಪಟ್ಟವನ್ನೂ ಕೊಟ್ಟಿತು. ಚಾಲಕ ಹೋದರೂ ಅವನು ಕೂರುವ ಜಾಗ ಮಾತ್ರ ಟ್ರೇಲರಿನೊಳಗಿನ ಯಂತ್ರದಲ್ಲಿ ಹಾಗೇ ಉಳಿದುಕೊಂಡಿತು. ಇಲ್ಲಿ ಯಾರು ಕೂರುವವರು ಎಂದು ಕಂಪನಿ ಹೇಳಲಿಲ್ಲ. ಕೂರಿಸುವುದು ಮಗುವಿಗೆ ಬಿಟ್ಟದ್ದು. ನನಗೆ ಆ ಖಾಲಿ ಜಾಗ ಬಹಳ ಇಷ್ಟ.

ಆಟಿಕೆಯಾಗಿ ಅದು ಒಳ್ಳೆಯ ಆಟಿಕೆ. ಇದನ್ನು ಒಪ್ಪಲೇಬೇಕು. ಅಚ್ಚಿಗೆ ಹೊಯ್ದ ಲೋಹ ಕೆಲವು ಕಡೆ, ಪ್ಲಾಸ್ಟಿಕ್ ಉಳಿದ ಕಡೆ, ರಬ್ಬರಿನ ಟೈರುಗಳು. ಕೈಗೆತ್ತಿಕೊಂಡರೆ ಭಾರ ಅನ್ನಿಸುತ್ತದೆ. ಲಾರಿಯ ಮುಂಭಾಗವೇ ಎದೆ, ಹಿಂಭಾಗವೇ ಕಾಲು, ಪಕ್ಕದಿಂದ ತೋಳು, ಮೇಲಿಂದ ತಲೆ. ಆರೇಳು ವರ್ಷದ ಮಗು ಎರಡು ಸಲ ನೋಡಿದರೆ ಮೂರನೆಯ ಸಲ ತಾನೇ ಮಾಡಬಲ್ಲದು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ಕೈಯೇ ಕಲಿಯುತ್ತದೆ. ನಾವು ಕಪ್ಪುಹಲಗೆಯ ಮೇಲೆ ವಾರಗಟ್ಟಲೆ ಗಂಟಲು ಹರಿದುಕೊಂಡು ಹೇಳುವುದನ್ನು ಆ ಲಾರಿ ಅರ್ಧ ಗಂಟೆಯಲ್ಲಿ ಹೇಳುತ್ತದೆ. ಕೊರತೆಗಳೂ ಇವೆ. ರೋಬೋ ಆಗಿ ನಿಂತರೆ ಕಂಬ ನಿಂತ ಹಾಗೆ. ಕೈಮುಷ್ಟಿಗಳು ಬಿಡಿ ಭಾಗಗಳು, ತಂದ ವಾರದಲ್ಲೇ ಒಂದಾದರೂ ಸೋಫಾದ ಕೆಳಗೆ ಹೋಗುತ್ತದೆ. ಲಾರಿಗೆ ಕಟ್ಟಿದ ಟ್ರೇಲರ್ ರೋಬೋನ ಮೈಯಲ್ಲಿ ಎಲ್ಲೂ ಸೇರುವುದಿಲ್ಲ, ಪಕ್ಕಕ್ಕೆ ಬಿಚ್ಚಿಡಬೇಕು. ಇಷ್ಟಾದರೂ ನಾನು ನೂರಕ್ಕೆ ಎಪ್ಪತ್ತೈದು ಕೊಡುತ್ತೇನೆ, ಅದೂ ಆಡಿದ್ದಕ್ಕೆ.

ನಕಲಿ ಮಾಲಿನ ಕಾಟ ತಡೆಯಲು 1985ರಲ್ಲಿ ಕಂಪನಿ ಈ ಗೊಂಬೆಗಳ ಮೇಲೆ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿತು. ನೋಡಲು ಕಪ್ಪು ಚೌಕ. ಬೆರಳಿನಿಂದ ಉಜ್ಜಿದರೆ ಬಿಸಿಗೆ ಒಳಗಿನ ಮುಖದ ಚಿಹ್ನೆ ಮೂಡುತ್ತದೆ. ಮಗುವಿನ ಬೆರಳು ತಾಗಿದರೆ ಮಾತ್ರ ಗೊಂಬೆ ಅಸಲಿ! ತಯಾರಿಸಿದವರೇ ಹೀಗೆ ಹೇಳಿದ ಮೇಲೆ, ನಲವತ್ತು ವರ್ಷ ಯಾರ ಬೆರಳೂ ತಾಗದೆ ಪೆಟ್ಟಿಗೆಯಲ್ಲಿ ಕೂತ ಗೊಂಬೆಗೆ ಸಾವಿರಾರು ಡಾಲರ್ ಬೆಲೆ ಕಟ್ಟುವ ಜನಕ್ಕೆ ಏನೆನ್ನೋಣ?

ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಮನೆಯ ಒಂದು ಗೋಡೆಯ ತುಂಬ ಇಂಥ ಪೆಟ್ಟಿಗೆಗಳು, ಬಿಸಿಲು ತಾಗದ ಹಾಗೆ ಪರದೆ. ಹತ್ತಿರ ಹೋದರೆ, “ಚಿಕ್ಕಮ್ಮ, ಮುಟ್ಟಬೇಡಿ, ಕೈಬೆವರು ತಾಗುತ್ತೆ” ಅಂದ. ಅವನ ಮಗನಿಗೆ ಐದು ವರ್ಷ. ಆ ಕೂಸು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮ್ಯೂಸಿಯಮ್ಮಿಗೆ ಬಂದ ಇನ್ಸ್‌ಪೆಕ್ಟರ ಹಾಗೆ, ಅಪ್ಪನ ಆಟಿಕೆಗಳನ್ನು ನೋಡುತ್ತಾ ನಿಂತಿತ್ತು. “ಇದು ಇನ್ವೆಸ್ಟ್‌ಮೆಂಟು ಚಿಕ್ಕಮ್ಮ, ನೀವು ಚಿನ್ನ ಇಟ್ಕೊಳ್ಳಲ್ವಾ?” ಎಂದೂ ಕೇಳಿದ. ಚಿನ್ನದ ವಿಷಯ ಹೆಂಗಸರಿಗೆ ಹೇಳಿಕೊಡಬೇಕೆ? ಚಿನ್ನ ಪೆಟ್ಟಿಗೆಯಲ್ಲಿಟ್ಟರೆ ಸವೆಯುವುದಿಲ್ಲ. ಪ್ಲಾಸ್ಟಿಕ್ಕು ಪೆಟ್ಟಿಗೆಯೊಳಗೇ ಹಳದಿಗಟ್ಟುತ್ತದೆ, ಸ್ಟಿಕ್ಕರಿನ ಅಂಟು ಒಣಗುತ್ತದೆ, ರಬ್ಬರು ಬಿರಿಯುತ್ತದೆ. ಮೇಲಾಗಿ ಚಿನ್ನವನ್ನು ಯಾವ ಕಂಪನಿಯೂ ಹೊಸದಾಗಿ ಹುಟ್ಟಿಸಲಾರದು. ಹ್ಯಾಸ್ಬ್ರೋ 2018ರಲ್ಲಿ ಇದೇ ಹಳೆಯ ಆಪ್ಟಿಮಸ್ಸನ್ನು ಹಳೆಯ ಪೆಟ್ಟಿಗೆಯ ಚಿತ್ರದ ಸಮೇತ ಮತ್ತೆ ಮಾಡಿ ಅಂಗಡಿಗಿಟ್ಟಿತು.

ದಸರಾ ಬೊಂಬೆಗಳನ್ನು ನೀವೂ ಮಕ್ಕಳಿಗೆ ಮುಟ್ಟಗೊಡುವುದಿಲ್ಲವಲ್ಲ ಎಂದು ಯಾರಾದರೂ ಅನ್ನಬಹುದು. ಪಟ್ಟದ ಬೊಂಬೆ ಆಟಕ್ಕೆಂದು ಮಾಡಿದ್ದಲ್ಲ, ಕೂರಿಸಲು ಮಾಡಿದ್ದು. ಮಕ್ಕಳೂ ಮೆಟ್ಟಿಲು ಜೋಡಿಸುತ್ತಾರೆ, ಪಾರ್ಕು ಮಾಡುತ್ತಾರೆ, ಸಂಜೆ ಓಣಿಯ ಮಕ್ಕಳನ್ನೆಲ್ಲ ಕರೆದು ಬೊಂಬೆ ಬಾಗಿನ ಕೊಡುತ್ತೇವೆ. ಅಂಕದ ಚೀಟಿ ಅಂಟಿಸುವುದಿಲ್ಲ.

ಇಷ್ಟಕ್ಕೂ ಈ ಹಂಬಲ ಎಲ್ಲಿಂದ ಬಂತು? ಅದನ್ನು ಬಿತ್ತಿದವರು ಬೇರೆ. ಅಮೆರಿಕಾದಲ್ಲಿ ಮಕ್ಕಳ ಟೀವಿಯಲ್ಲಿ ಎಷ್ಟು ಹೊತ್ತು ಜಾಹೀರಾತು ತೋರಿಸಬಹುದೆಂಬ ಮಿತಿಯನ್ನು ಸರ್ಕಾರದ ಪ್ರಸಾರ ಆಯೋಗ 1984ರಲ್ಲಿ ಕಿತ್ತುಹಾಕಿತು. ಅದೇ ಸೆಪ್ಟೆಂಬರಿನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನು ಶುರುವಾಯಿತು. ಅರ್ಧ ಗಂಟೆಯ ಕತೆ ಎಂದರೆ ಅರ್ಧ ಗಂಟೆಯ ಜಾಹೀರಾತು. ಪೆಗಿ ಷರೆನ್ ಎಂಬ ಗಟ್ಟಿಗಿತ್ತಿ 1968ರಿಂದಲೇ ಮಸಾಚುಸೆಟ್ಸ್‌ನಲ್ಲಿ ಸಂಘ ಕಟ್ಟಿ ಇಂಥದ್ದರ ವಿರುದ್ಧ ಹೋರಾಡುತ್ತಿದ್ದರು. 1990ರಲ್ಲಿ ಮಕ್ಕಳ ಟೀವಿ ಕಾನೂನು ಬಂದು, ಜಾಹೀರಾತಿಗೆ ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ, ಉಳಿದ ದಿನ ಹನ್ನೆರಡು ನಿಮಿಷ ಎಂದು ಕಟ್ಟು ಬಿತ್ತು. ಅಷ್ಟರಲ್ಲಿ ಒಂದು ಪೀಳಿಗೆ ದೊಡ್ಡದಾಗಿತ್ತು.

ಆ ಪೀಳಿಗೆಯ ಮಕ್ಕಳು 1986ರ ಆಗಸ್ಟಿನಲ್ಲಿ ಚಿತ್ರಮಂದಿರದಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ಕಾರ್ಟೂನ್ ಸಿನಿಮಾದಲ್ಲಿ ಆಪ್ಟಿಮಸ್ ಪ್ರೈಮ್ ಸತ್ತ. ಕತೆಗೆ ಬೇಕಾಗಿ ಸಾಯಲಿಲ್ಲ; ಹಳೆಯ ಮಾಲು ತೆಗೆದು ಹೊಸ ಗೊಂಬೆಗಳನ್ನು ಮಾರಲು ಜಾಗ ಬೇಕಿತ್ತು. ಮಕ್ಕಳ ಗೋಳು ನೋಡಿ ಗಾಬರಿಯಾದ ಕಂಪನಿ 1987ರಲ್ಲಿ ಕಾರ್ಟೂನಿನಲ್ಲಿ ಅವನನ್ನು ಬದುಕಿಸಿತು. ಅಂದು ಅತ್ತ ಮಕ್ಕಳೇ ಇಂದು ಐವತ್ತರ ಹತ್ತಿರ ಬಂದು ಪೆಟ್ಟಿಗೆ ಕೊಳ್ಳುತ್ತಿದ್ದಾರೆ. ಅವರ ನೆನಪಿನ ಮೇಲೆ ನನಗೆ ಕೋಪವಿಲ್ಲ. ನಾನೂ ನನ್ನ ಚಿಕ್ಕಂದಿನ ಹಿತ್ತಾಳೆ ಅಡುಗೆ ಆಟದ ಸಾಮಾನು ಇಟ್ಟುಕೊಂಡಿದ್ದೇನೆ, ಮನೆಗೆ ಬಂದ ಮಕ್ಕಳು ಅದರಲ್ಲಿ ಮಣ್ಣಿನ ಪಾಯಸ ಮಾಡುತ್ತವೆ. ಆದರೆ ಒಂದು ಮಗುವಿನ ಅಳುವನ್ನು ನಲವತ್ತು ವರ್ಷ ಬಡ್ಡಿಗೆ ಬಿಟ್ಟು, ಅದೇ ಮಗುವಿಗೆ ಮತ್ತೆ ಮಾರುವ ವ್ಯಾಪಾರವನ್ನು ‘ಹವ್ಯಾಸ’ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಈಗಿನ ಅವತಾರಗಳನ್ನು ನೋಡಿ. ದೊಡ್ಡವರಿಗಾಗಿ ಬರುವ ದುಬಾರಿ ಮಾದರಿಗಳ ಮೇಲೆ ಹದಿನೈದು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿರುತ್ತದೆ. ಲಾರಿಯನ್ನು ರೋಬೋ ಮಾಡಲು ಪುಸ್ತಕ ಹಿಡಿದು ಕೂರಬೇಕು. 2021ರಲ್ಲಿ ಇನ್ನೊಂದು ಬಂತು, ಮುಂಗಡ ಬೆಲೆಯೇ ಸುಮಾರು 700 ಡಾಲರ್. ಮಾತಿನಲ್ಲಿ ಅಪ್ಪಣೆ ಕೊಟ್ಟರೆ ಸಾಕು, ಒಳಗಿನ ಮೋಟಾರುಗಳು ತಾವೇ ತಿರುಗಿ ಲಾರಿ ರೋಬೋ ಆಗುತ್ತದೆ. ಜಾಣತನದ ಯಂತ್ರ, ಒಪ್ಪೋಣ. ಆದರೆ ಮಗುವಿಗೆ ಉಳಿದ ಕೆಲಸವೇನು? ಚಪ್ಪಾಳೆ ತಟ್ಟುವುದು.

ಅಮೆರಿಕಾದಲ್ಲಿ ಮಗನೋ ಮಗಳೋ ಇದ್ದು, ಮೊಮ್ಮಗನಿಗೆ ಇದನ್ನೇ ಕೊಡಿಸಬೇಕೆಂದಿದ್ದರೆ, ಪೆಟ್ಟಿಗೆಯಿಲ್ಲದ, ಆಡಿ ಬಿಟ್ಟ ಗೊಂಬೆಯನ್ನು ತೆಗೆದುಕೊಡಿ ಅನ್ನಿ. ಪೆಟ್ಟಿಗೆಯಿಲ್ಲ ಎಂಬ ಒಂದೇ ತಪ್ಪಿಗೆ ಅದರ ಬೆಲೆ ಎಷ್ಟೋ ಪಾಲು ಇಳಿದಿರುತ್ತದೆ. ಕೀಲು ಸಡಿಲವಾಗಿದೆಯೇ, ಬಣ್ಣ ಎದ್ದು ಬರುತ್ತಿದೆಯೇ, ತುಂಡಾದ ಮೊನೆಗಳಿವೆಯೇ ನೋಡಿಕೊಳ್ಳಲಿ. ಹಳೆಯ ಬಣ್ಣ ಕಿತ್ತುಬರುತ್ತಿದ್ದರೆ ಬಾಯಿಗಿಡುವ ವಯಸ್ಸಿನ ಮಗುವಿಗೆ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಕೊಡಲಿ. ಮುಷ್ಟಿ ಒಂದೇ ಇದ್ದರೂ ಚಿಂತೆಯಿಲ್ಲ.